ಬಣಕಲ್ ಪ್ರತಿಯ ಕತ್ತರಿಸದ ಹಾಳೆಗಳು

ಷಡಕ್ಷರಿ ನಮ್ಮ ಮನೆಯ ಜಗುಲಿಗೆ ಬಂದು ಕೂತಾಗ ಅವನ ಮುಖ ನೋಡಿ ಯಾರೋ ತೀರಿಕೊಂಡಿರಬೇಕು ಅಂದುಕೊಂಡೆ. ಅಕ್ಕ ಕೊಟ್ಟ ನೀರನ್ನು ಕುಡಿಯಲಿಲ್ಲ, ಲೋಟವನ್ನು ಕೈಯಲ್ಲಿ ಹಿಡಿದೇ ಕೂತಿದ್ದ. ನನಗೆ ಇಂಥ ಮೌನ ಸಹಿಸಲಾಗುವುದಿಲ್ಲ. ಏನಾಯಿತು ಹೇಳಯ್ಯ ಎಂದು ಗದರಿಸಿದ ಮೇಲೆ ಬಾಯಿ ಬಿಟ್ಟ.

“ಕಲ್ಲಮ್ಮನೋರೇ, ಟ್ರಸ್ಟಿನೋರು ನನ್ನನ್ನ ಸುಳ್ಳುಗಾರ ಅಂದ್ಬಿಟ್ರು. ಬರೋ ಭಾನುವಾರ ಸಭೇಲಿ ಅದನ್ನೇ ನಿರ್ಣಯ ಮಾಡಿ ಪೇಪರಿಗೂ ಕಳಿಸ್ತಾರಂತೆ. ಪತ್ರಿಕೆ ಹೋದ್ರೆ ಹೋಗ್ಲಿ. ಸುಳ್ಳುಗಾರ ಅನ್ನಿಸ್ಕೊಂಡು ಈ ಊರಲ್ಲಿ ಹೇಗೆ ಓಡಾಡ್ಲಿ?”

ಇದು ಎರಡನೆಯ ಮಹಾಯುದ್ಧಕ್ಕೆ ಹಿಂದಿನ ವರ್ಷದ ಮಾತು. ನನ್ನ ಅಕ್ಕ ಕಲ್ಲಮ್ಮ ಚಿಕ್ಕಮಗಳೂರಿನಲ್ಲಿ ಹೆಣ್ಣುಮಕ್ಕಳ ಶಾಲೆಯೊಂದರ ಹೆಡ್‌ಮಿಸ್ಟ್ರೆಸ್ ಆಗಿದ್ದು, ನಿವೃತ್ತಳಾಗಿ ಮೂಡಿಗೆರೆಯಲ್ಲಿ ನನ್ನ ಜೊತೆ ಇದ್ದಳು. ಸಾವಿರಾರು ಮಕ್ಕಳ ಸುಳ್ಳು ಹಿಡಿದು ಹಿಡಿದು ಅವಳ ಕಣ್ಣು ಸೂಜಿಯಾಗಿತ್ತು. ಸುತ್ತಿನ ಊರುಗಳಲ್ಲಿ ಏನು ಕಳುವಾದರೂ, ಯಾರು ಯಾರನ್ನು ವಂಚಿಸಿದರೂ ಜನ ಪೊಲೀಸರಿಗಿಂತ ಮೊದಲು ನಮ್ಮ ಜಗುಲಿ ಹತ್ತುತ್ತಿದ್ದರು. ನಾನು ಶಿವಯ್ಯ, ಜವಳಿ ಅಂಗಡಿಯವನು. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅನುಮಾನ ಅದಕ್ಕಿಂತ ಮುಂದಿರುತ್ತದೆ. ಬಟ್ಟೆ ಮುಟ್ಟಿ ನೋಡಿ ಕೊಳ್ಳದೆ ಹೋದವರನ್ನೆಲ್ಲ ಕಳ್ಳರೆಂದೇ ನಂಬಿದವನು ನಾನು.

ಷಡಕ್ಷರಿ ಮೂಡಿಗೆರೆ ವಾಚನಾಲಯದ ಗ್ರಂಥಪಾಲ. ಮೂರು ತಿಂಗಳಿಗೊಮ್ಮೆ ‘ವಾಚನಾಲಯ ವಿಚಾರ’ ಎಂಬ ಸಣ್ಣ ಪತ್ರಿಕೆ ತರುತ್ತಿದ್ದ. ಹಳ್ಳಿಯ ಓದುಮನೆಗಳಲ್ಲಿ ಪುಸ್ತಕಗಳನ್ನು ಹೇಗೆ ಜೋಡಿಸಬೇಕು, ಹೇಗೆ ಕಾಪಾಡಬೇಕು, ಯಾರಿಗೆ ಯಾವುದನ್ನು ಕೊಡಬೇಕು ಎಂಬುದೇ ಅದರ ವಿಷಯ. ಮಲ್ಲಂದೂರಿನ ಕಾಫಿ ಎಸ್ಟೇಟ್ ಮಾಲೀಕರಾದ ಚಂದ್ರಶೇಖರಪ್ಪನವರು ಒಂದು ಟ್ರಸ್ಟ್ ಕಟ್ಟಿ ಅದನ್ನು ನಡೆಸಿಕೊಡುತ್ತಿದ್ದರು. ಆ ವರ್ಷ ಅವರು ಒಂದು ಪ್ರಶ್ನೆ ಎತ್ತಿದರು: ಈ ಪತ್ರಿಕೆಯಿಂದ ಯಾರಿಗೆ ಏನು ಉಪಯೋಗವಾಗಿದೆ, ಅಳೆದು ತೋರಿಸು.

ಷಡಕ್ಷರಿ ಹಗಲೂ ಇರುಳೂ ಕೂತು, ಬೆಂಗಳೂರು, ಧಾರವಾಡ, ಮಂಗಳೂರುಗಳಿಂದ ಬರುವ ಪತ್ರಿಕೆ ಪುಸ್ತಕಗಳನ್ನು ತಿರುವಿ, ತನ್ನ ಲೇಖನಗಳನ್ನು ಯಾರು ಎಲ್ಲಿ ಉಲ್ಲೇಖಿಸಿದ್ದಾರೆ ಎಂದು ಹುಡುಕಿದ. ಸಿಕ್ಕಿದ್ದು ತೀರಾ ಕಡಿಮೆ. ಆದರೂ ಸಭೆಯಲ್ಲಿ ಧೈರ್ಯವಾಗಿ ಹೇಳಿದನಂತೆ, ಪಂಡಿತರು ಬರೆಯದಿದ್ದರೇನು, ನಮ್ಮ ಬೆಟ್ಟದ ಓದುಮನೆಗಳಲ್ಲಿ ಅಕ್ಷರ ಅಕ್ಷರ ಓದುತ್ತಾರೆ ಎಂದು. ಆಗ ಟ್ರಸ್ಟಿನ ಕಾರ್ಯದರ್ಶಿ ಗುರುವಯ್ಯ ಮೇಷ್ಟ್ರು ಒಂದು ಉಪಾಯ ಸೂಚಿಸಿದರು. ಮೇಷ್ಟ್ರು ಷಡಕ್ಷರಿಗೆ ಚಿಕ್ಕಂದಿನಲ್ಲಿ ಪಾಠ ಹೇಳಿದವರು. ಪತ್ರಿಕೆ ಅಚ್ಚಾಗುವ ಮುದ್ರಣಾಲಯದಲ್ಲಿ ಹಾಳೆಯ ಅಂಚು ಕತ್ತರಿಸುವುದಿಲ್ಲ, ಮಡಿಸಿ ಹೊಲಿದು ಕಳಿಸುತ್ತಾರೆ. ಓದುವವನು ಚಾಕುವಿನಿಂದ ಮಡಿಕೆ ಸೀಳಿದರಷ್ಟೇ ಒಳಪುಟ ಕಾಣುವುದು. ಹಾಗಾದರೆ ಕಳಸ, ಕೊಟ್ಟಿಗೆಹಾರ, ಬಣಕಲ್ ಓದುಮನೆಗಳಲ್ಲಿರುವ ಪ್ರತಿಗಳನ್ನು ತರಿಸೋಣ, ಎರಡು ವರ್ಷದ ಹಿಂದಿನ ಮಳೆಗಾಲದ ಸಂಚಿಕೆಯನ್ನೇ ತರಿಸೋಣ. ಮಡಿಕೆ ಸೀಳಿದ್ದರೆ ಓದಿದ್ದಾರೆ, ಇಲ್ಲದಿದ್ದರೆ ಇಲ್ಲ ಎಂದರು.

ಎಲ್ಲರೂ ಒಪ್ಪಿದರು, ಷಡಕ್ಷರಿಯಂತೂ ಕುಣಿದಾಡುತ್ತ ಒಪ್ಪಿದ. ಎಸ್ಟೇಟಿನ ಲೆಕ್ಕಪತ್ರ ನೋಡುವ ರೈಟರ್ ರಂಗನಾಥ ಬಸ್ಸಿನಲ್ಲಿ ಹೋಗಿ ಮೂರೂ ಪ್ರತಿ ತಂದು ಮೇಷ್ಟ್ರ ಮನೆಗೆ ಮುಟ್ಟಿಸಿದ. ಮರುದಿನ ಎಲ್ಲರೆದುರು ಗಂಟು ಬಿಚ್ಚಿದರೆ, ಮೂರರಲ್ಲಿ ಒಂದರ ಮಡಿಕೆಯೂ ಸೀಳಿರಲಿಲ್ಲ.

“ಮೇಷ್ಟ್ರು ನನ್ನ ಪರ ಒಂದು ಮಾತೂ ಆಡ್ಲಿಲ್ಲ,” ಎಂದ ಷಡಕ್ಷರಿ. “ಪ್ರತೀ ಸಂಚಿಕೇನೂ ಮೊದಲು ಅವರಿಗೇ ಕೊಡ್ತಿದ್ದೆ. ಓದೋಕೆ ಪುರುಸೊತ್ತಿಲ್ಲ ಕಣೋ ಅಂತಿದ್ರು. ಈಗ ನೋಡಿದ್ರೆ ಯಾರೂ ಓದಿಲ್ಲ.”

ಅಕ್ಕ ಅವನಿಗೆ ಸಮಾಧಾನ ಹೇಳಲಿಲ್ಲ. ಸಮಾಧಾನ ಹೇಳುವುದು ಅವಳಿಗೆ ಬರುವುದೂ ಇಲ್ಲ. ಪ್ರತಿಗಳು ಈಗ ಎಲ್ಲಿವೆ ಎಂದು ಕೇಳಿ, ಕಾಲಿಗೆ ಚಪ್ಪಲಿ ಮೆಟ್ಟಿದಳು.

ಮೇಷ್ಟ್ರ ಮನೆ ಪೇಟೆಯ ಹಿಂಬದಿಯಲ್ಲಿತ್ತು. ವಾಚನಾಲಯದ ಹೆಂಚು ಬದಲಿಸುತ್ತಿದ್ದುದರಿಂದ ಟ್ರಸ್ಟಿನ ಸಭೆಗಳೂ ಅಲ್ಲಿಯೇ ನಡೆಯುತ್ತಿದ್ದವು. ಮೇಷ್ಟ್ರು ನಮ್ಮನ್ನು ಆದರದಿಂದಲೇ ಕೂರಿಸಿ, ಪ್ರತಿಗಳನ್ನು ಮುಂದಿಟ್ಟರು. ಪಾಪದ ಹುಡುಗ, ಪತ್ರಿಕೆಯ ಮೇಲಿನ ಮೋಹಕ್ಕೆ ಇಲ್ಲದ್ದನ್ನು ಹೇಳಿಬಿಟ್ಟ ಎಂದು ನಿಟ್ಟುಸಿರು ಬಿಟ್ಟರು. ನಾನು ಒಂದನ್ನು ಎತ್ತಿಕೊಳ್ಳುವಾಗ ಅದು ಜಾರಿ ನನ್ನ ಕಾಲ ಮೇಲೆ ಬಿತ್ತು. ಮೇಷ್ಟ್ರು ತಟ್ಟನೆ ಬಗ್ಗಿ ಎತ್ತಿ ಕಣ್ಣಿಗೊತ್ತಿಕೊಂಡು, ನನ್ನತ್ತ ಎಂಥ ನೋಟ ಬೀರಿದರೆಂದರೆ, ಐವತ್ತರ ಹತ್ತಿರವಿದ್ದ ನಾನು ಬೆಂಚಿನ ಮೇಲೆ ನಿಲ್ಲಬೇಕೇನೋ ಎಂದುಕೊಂಡೆ.

ಅಕ್ಕ ಬಣಕಲ್ ಪ್ರತಿಯನ್ನು ಬಹಳ ಹೊತ್ತು ನೋಡಿದಳು. ಹೊರಗೆ ಕಂದು ಕಾಗದದ ಹೊದಿಕೆ, ಅದರ ಮೇಲೆ ಊರಿನ ಹೆಸರು. ಹೊದಿಕೆ ಕೈಜಿಡ್ಡಿನಿಂದ ಕಪ್ಪಾಗಿ, ಮೂಲೆಗಳು ಮೆತ್ತಗಾಗಿದ್ದವು. ಒಳಗಿನ ಕಾಗದ ಹೊಸ ಪಂಚೆಯ ಹಾಗೆ ಬೆಳ್ಳಗಿತ್ತು. ನಮ್ಮ ಕಡೆ ಎರಡು ಮಳೆಗಾಲ ಕಂಡ ಕಾಗದ ಹಾಗಿರುವುದಿಲ್ಲ ಎಂದು ನಾನೇ ಹೇಳಿದೆ. ಮೇಷ್ಟ್ರು ನಕ್ಕು, ಬೆಂಚಿನ ಮೇಲೆ ಬಿದ್ದಿದ್ದ ಪತ್ರಿಕೆಯ ಮೇಲೆ ಜನ ಮೊಣಕೈ ಊರಿ ಹರಟೆ ಹೊಡೆದಿರುತ್ತಾರೆ, ಹೊದಿಕೆ ಕೊಳೆಯಾಗಿದೆ, ಒಳಗಿನದು ಉಳಿದಿದೆ ಎಂದರು. ಅಕ್ಕ ಪತ್ರಿಕೆಯನ್ನು ಮೂಗಿಗೆ ಹಿಡಿದು ನನಗೂ ಹಿಡಿದಳು. ಕಾಫಿಯ ವಾಸನೆ! ಸ್ವಲ್ಪವಲ್ಲ, ಗಮ್ಮೆನ್ನುತ್ತಿತ್ತು.

ಈ ಸಂಚಿಕೆಯ ಮಿಕ್ಕ ಪ್ರತಿಗಳು ಎಲ್ಲಿವೆ ಎಂದು ಅಕ್ಕ ಕೇಳಿದಳು. ವಾಚನಾಲಯ ಸೋರುತ್ತಿದ್ದುದರಿಂದ ಕಟ್ಟನ್ನು ಚಂದ್ರಶೇಖರಪ್ಪನವರ ಮಲ್ಲಂದೂರು ಗೋದಾಮಿನಲ್ಲಿ ಇಡಿಸಿದ್ದೇವೆ, ಈಗಲೂ ಅಲ್ಲೇ ಇದೆ, ಬೀಗದ ಕೈ ರೈಟರ್ ಹತ್ತಿರ ಎಂದರು ಮೇಷ್ಟ್ರು.

ನನಗೆ ಅಷ್ಟೇ ಸಾಕಾಯಿತು. ಹೊರಗೆ ಬರುತ್ತಲೇ ತೀರ್ಪು ಕೊಟ್ಟೆ: ರಂಗನಾಥನೇ. ಪ್ರತಿಗಳನ್ನು ತಂದವನು ಅವನು, ಗೋದಾಮಿನ ಬೀಗ ಅವನದು, ವಾಸನೆ ಕಾಫಿಯದು. ಸೀಳಿದ ಪ್ರತಿಗಳನ್ನು ತೆಗೆದು, ಗೋದಾಮಿನ ಹೊಸ ಪ್ರತಿಗಳಿಗೆ ಹಳೇ ಹೊದಿಕೆ ಹಾಕಿ ತಂದಿದ್ದಾನೆ. ಮೊದಲಿನಿಂದಲೂ ನನಗೆ ಆ ಮನುಷ್ಯನ ಮೀಸೆ ಸರಿಕಾಣುತ್ತಿರಲಿಲ್ಲ.

“ಮೀಸೆ ನೋಡಿ ಜೈಲಿಗೆ ಹಾಕೋದಾದ್ರೆ ನಿನ್ನನ್ನೇ ಮೊದಲು ಹಾಕ್ಬೇಕಿತ್ತು ಮಾರಾಯ,” ಎಂದಳು ಅಕ್ಕ. ಆದರೆ ಪ್ರತಿಗಳು ಬದಲಾಗಿವೆ ಎಂಬುದನ್ನು ಅಲ್ಲಗಳೆಯಲಿಲ್ಲ.

ಮರುದಿನ ಬಣಕಲ್‌ಗೆ ಹೋದೆವು. ಅಲ್ಲಿನ ಓದುಮನೆ ಎಂದರೆ ದರ್ಜಿ ಗಿಡ್ಡಪ್ಪನ ಅಂಗಡಿಯ ಒಂದು ಮಗ್ಗುಲು. ಅವನು ನಮ್ಮ ಮಾತು ಕೇಳಿ ಹೊಲಿಗೆಯ ಯಂತ್ರ ನಿಲ್ಲಿಸಿಬಿಟ್ಟ. ಸೀಳದೆ ಓದುವುದು ಹೇಗೆ, ತನ್ನ ಬಟ್ಟೆ ಕತ್ತರಿಯಲ್ಲೇ ಸೀಳಿದ್ದು, ಆತುರದಲ್ಲಿ ಒಂದೆರಡು ಪುಟದ ಅಂಚು ಹಲ್ಲುಹಲ್ಲಾಗಿ ಹರಿದಿದ್ದಕ್ಕೆ ಎಲ್ಲರಿಂದ ಬೈಸಿಕೊಂಡಿದ್ದೂ ಉಂಟು ಎಂದ. ಪ್ರತಿಯನ್ನು ರಂಗನಾಥನ ಕೈಗೆ ಕೊಟ್ಟಿದ್ದು ತಾನೇ ಎಂದೂ ಹೇಳಿದ.

ನಾನು ಗೆದ್ದವನಂತೆ ಅಕ್ಕನನ್ನು ನೋಡಿದೆ. ಅವಳು ಪುಸ್ತಕದ ಕಪಾಟುಗಳನ್ನು ನೋಡುತ್ತಿದ್ದಳು. ಒಂದರ ಮೇಲೆ ‘ಮಳೆಗಾಲ’, ಇನ್ನೊಂದರ ಮೇಲೆ ‘ಕೊಯ್ಲು’ ಎಂದು ಸುಣ್ಣದಲ್ಲಿ ಬರೆದಿತ್ತು. ಮಳೆ ಹಿಡಿದು ಜನ ಒಳಗೇ ಕೂರುವ ತಿಂಗಳುಗಳಿಗೆ ದೊಡ್ಡ ಪುಸ್ತಕಗಳು. ಕಾಫಿ ಹಣ್ಣು ಕೊಯ್ದು ಸುಸ್ತಾಗಿ ಬರುವ ಕಾಲಕ್ಕೆ ಒಂದೇ ಸಲ ಕೂತು ಓದಿ ಮುಗಿಸುವಂಥವು. ವಿಷಯವಾರಿ ಜೋಡಿಸುವ ಬದಲು ಓದುವವರ ಬಿಡುವು ನೋಡಿ ಜೋಡಿಸುವ ಈ ಕ್ರಮ ನನಗೂ ಗೊತ್ತಿತ್ತು. ಗುರುವಯ್ಯ ಮೇಷ್ಟ್ರು ಹಿಂದಿನ ವರ್ಷ ಇದರ ಮೇಲೆ ಒಂದು ಪುಸ್ತಿಕೆ ಬರೆದು, ಬೆಂಗಳೂರಿನಲ್ಲಿ ನಡೆದ ಗ್ರಂಥಾಲಯದವರ ಸಭೆಯಲ್ಲಿ ಓದಿ, ಶಾಲು ಹೊದಿಸಿಕೊಂಡು ಬಂದಿದ್ದರು.

ಮೇಷ್ಟ್ರ ಪುಸ್ತಿಕೆ ನೋಡಿ ಮಾಡಿದ್ದಾ ಎಂದು ಅಕ್ಕ ಕೇಳಿದಳು.

“ಅದು ಬರೋಕೆ ಮುಂಚೆನೇ ಕಪಾಟು ಹಾಕ್ಸಿದ್ದು ಅಮ್ಮಾ,” ಎಂದ ಗಿಡ್ಡಪ್ಪ. “ಷಡಕ್ಷರಪ್ಪೋರ ಆ ಸಂಚಿಕೇಲೇ ಇತ್ತಲ್ಲ. ಕಳಸದವ್ರೂ ಅದನ್ನ ನೋಡೇ ಹಾಕ್ಸಿದ್ರು. ಪಂಡಿತರು ಓದ್ತಾರೋ ಇಲ್ವೋ, ನಮಗಂತೂ ಉಪಯೋಗಕ್ಕೆ ಬಂತು.”

ಮುಂದೆ ಕೊಟ್ಟಿಗೆಹಾರದವರೆಗೂ ಬಸ್ಸಿನಲ್ಲಿ ಹೋಗಿ ನೋಡಿದೆವು. ಅಲ್ಲಿಯೂ ಅದೇ ಎರಡು ಕಪಾಟು, ಅದೇ ಮಾತು.

ಅಲ್ಲಿಂದ ಬಂದವರು ಮಲ್ಲಂದೂರಿಗೆ ಹೋದೆವು. ಕಣದಲ್ಲಿ ಕಾಫಿ ಒಣಗುತ್ತಿತ್ತು. ರಂಗನಾಥನನ್ನು ಕಂಡಕೂಡಲೇ ನಾನು ಜಗಳಕ್ಕೆ ನಿಂತೆ. ಮೂರೂ ಊರಿನ ಪ್ರತಿಗಳನ್ನು ಒಂದೇ ಹಗ್ಗದಲ್ಲಿ ಕಟ್ಟಿ ಮೇಷ್ಟ್ರ ಕೈಗೇ ಕೊಟ್ಟಿದ್ದಾಗಿ ಹೇಳಿ, ಒಳಗೆ ಬಿಡಿಸಿ ನೋಡುವ ಬುದ್ಧಿ ತನಗೆ ಬರಲಿಲ್ಲ ಎಂದ. ಮಿಕ್ಕ ಪ್ರತಿಗಳ ಕಟ್ಟು ಎಲ್ಲಿ ಎಂದೆ. ಅವನು ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದ.

“ಗೋದಾಮಿನಲ್ಲಾ? ಕೊಯ್ಲು ಶುರುವಾಗೋ ಮೊದಲೇ ಗಾಡಿ ಮೇಲೆ ಹಾಕಿ ಮೇಷ್ಟ್ರ ಮನೆಗೆ ಕಳಿಸ್ದೆ ಸ್ವಾಮಿ. ಅಚ್ಚಿನ ಮಸಿ, ಅಂಟು ಎಲ್ಲಾ ನಾರ್ತದೆ. ಪಾರ್ಚ್‌ಮೆಂಟ್ ಪಕ್ಕದಲ್ಲಿ ಅಂಥದ್ದು ಇಟ್ರೆ ಕಾಫಿ ಆ ವಾಸನೆ ಹೀರ್ಕೊಳ್ತದೆ. ಮಂಗಳೂರಲ್ಲಿ ಕೊಳ್ಳೋರು ರುಚಿ ನೋಡೋಕೆ ಒಂದು ಗುಟುಕು ಬಾಯಿಗೆ ಹಾಕ್ಕೊಂಡು ಉಗೀತಾರೆ, ಆಮೇಲೆ ನನ್ನ ಕೆಲ್ಸ ಹೋಗ್ತದೆ.”

ಸುಳ್ಳು ಹೇಳುತ್ತಾನೆ ಎಂದುಕೊಂಡೆ. ಕಳಿಸಿದ ಗಾಡಿಯವನು ಕೊಯ್ಲಿನ ಕೆಲಸ ಬಿಟ್ಟು ಘಟ್ಟ ಇಳಿದು ಹೋಗಿದ್ದ, ಸಾಕ್ಷಿ ಇರಲಿಲ್ಲ. ಇವನ ಮಾತಿಗೆ ಎದುರಾಗಿ ಮೇಷ್ಟ್ರ ಮಾತು. ಅಕ್ಕ ಗೋದಾಮಿನೊಳಗೆ ಹೋಗಿ, ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ ಆ ಪಾರ್ಚ್‌ಮೆಂಟ್ ಕಾಫಿಯನ್ನು ಒಂದು ಹಿಡಿ ಕರವಸ್ತ್ರದಲ್ಲಿ ಕಟ್ಟಿಕೊಂಡಳು. ರಂಗನಾಥನಿಗೆ ಒಂದು ಥ್ಯಾಂಕ್ಸ್ ಹೇಳಿ ಹೊರಟೇಬಿಟ್ಟಳು. ನನಗೆ ಮೈಯೆಲ್ಲ ಉರಿಯಿತು.

ಶನಿವಾರ ಇನ್ನೂ ವಿಚಿತ್ರವಾಗಿ ನಡೆದುಕೊಂಡಳು. ಷಡಕ್ಷರಿ ಅನ್ನ ನೀರು ಬಿಟ್ಟು ಕೂತಿದ್ದಾನೆ ಎಂದು ಸುದ್ದಿ ಬಂದಿತ್ತು. ಇವಳು ಮಾತ್ರ ಮೇಷ್ಟ್ರ ಹೆಂಡತಿ ಸಿದ್ದಮ್ಮನ ಹತ್ತಿರ ಕಾಫಿಪುಡಿ ಕೊಳ್ಳಲು ಹೋಗಿ ಗಂಟೆಗಟ್ಟಲೆ ಹರಟೆ ಹೊಡೆದು ಬಂದಳು. ಆ ಬೀದಿಗೆಲ್ಲ ಕಾಫಿ ಹುರಿದು ಪುಡಿ ಮಾಡಿಕೊಡುವವರು ಸಿದ್ದಮ್ಮನೇ. ಪುಡಿ ನಮ್ಮ ಮನೆಯಲ್ಲೂ ಇತ್ತು. ಅದನ್ನು ಎತ್ತಿ ತೋರಿಸಿದ್ದಕ್ಕೆ, ನೀನು ನಾಳೆ ಬಾಯಿಗೆ ಬೀಗ ಹಾಕಿಕೊಂಡು ಬಾ ಎಂದಳು.

ಭಾನುವಾರ ಮೇಷ್ಟ್ರ ಪಡಸಾಲೆಯಲ್ಲಿ ಎಲ್ಲರೂ ಸೇರಿದರು. ಚಂದ್ರಶೇಖರಪ್ಪನವರು ನಡುವೆ, ಪಕ್ಕದಲ್ಲಿ ಮೇಷ್ಟ್ರು. ರಂಗನಾಥ ಬಾಗಿಲ ಬಳಿ ನಿಂತಿದ್ದ. ಗಿಡ್ಡಪ್ಪನನ್ನು ಅಕ್ಕ ಹೇಳಿ ಕಳಿಸಿ ಕರೆಸಿದ್ದಳು. ಷಡಕ್ಷರಿ ಗೋಡೆಗೊರಗಿ ನೆಲ ನೋಡುತ್ತಿದ್ದ. ನಿರ್ಣಯದ ಕಾಗದ ಸಹಿಗೆ ಸಿದ್ಧವಾಗಿತ್ತು. ಅದನ್ನು ಓದುವ ಮೊದಲು ಎರಡು ಮಾತು ಎಂದು ಅಕ್ಕ ಎದ್ದು ನಿಂತಳು.

ಮೊದಲು ಕಪಾಟಿನ ವಿಷಯ ಹೇಳಿದಳು. ಮೂರೂ ಊರುಗಳಲ್ಲಿ ಪುಸ್ತಕ ಜೋಡಿಸುವ ಕ್ರಮ ಬದಲಾಗಿದೆ. ಆ ಕ್ರಮ ಇರುವುದು ಈ ಸಂಚಿಕೆಯ ಒಳಪುಟಗಳಲ್ಲಿ. ಮೇಷ್ಟ್ರ ಪುಸ್ತಿಕೆ ಬರುವ ಮೊದಲೇ ಬದಲಾಗಿದೆ. ಹಾಳೆ ಸೀಳದೆ ಅದನ್ನು ತಿಳಿಯುವುದು ಯಾರಿಗೂ ಸಾಧ್ಯವಿಲ್ಲ. ಆದ್ದರಿಂದ ಓದುಮನೆಗಳ ಪ್ರತಿಗಳು ಸೀಳಿದ್ದವು, ಇವು ಬೇರೆ. ಹೊದಿಕೆ ಹಳೆಯದು, ಹಾಳೆ ಹೊಸದು.

ಗಿಡ್ಡಪ್ಪ ಹೌದು ಹೌದೆಂದು ತಲೆಯಾಡಿಸಿದ. ಚಂದ್ರಶೇಖರಪ್ಪನವರು ರಂಗನಾಥನತ್ತ ತಿರುಗಿದರು. ಅವರ ಮುಖ ನೋಡಿ ಅವನ ಮೀಸೆ ಅದುರಿತು. ಮೇಷ್ಟ್ರು ಮೆಲ್ಲಗೆ, ಪ್ರತಿಗಳು ಕಾಫಿ ವಾಸನೆ ಹೊಡೆಯುತ್ತವೆ, ಗೋದಾಮಿನ ಕಟ್ಟಿನಿಂದ ಬಂದಿರಬಹುದೇನೋ, ಯಾರ ಮೇಲೂ ಹೇಳುವುದಕ್ಕೆ ನನಗೆ ಮನಸ್ಸಿಲ್ಲ ಎಂದರು.

“ಅದೇ ವಾಸನೆ ನೋಡಿ ಮೇಷ್ಟ್ರೇ,” ಎಂದಳು ಅಕ್ಕ. ಕರವಸ್ತ್ರ ಬಿಚ್ಚಿ ಗೋದಾಮಿನ ಕಾಫಿಯನ್ನು ಚಂದ್ರಶೇಖರಪ್ಪನವರ ಮುಂದೆ ಇಟ್ಟಳು. “ಯಜಮಾನ್ರು ಮೂಸಿ ನೋಡ್ಲಿ. ಆಮೇಲೆ ಪತ್ರಿಕೆ ಮೂಸಿ ನೋಡ್ಲಿ.”

ಅವರು ಮೂಸಿದರು. ಪಾರ್ಚ್‌ಮೆಂಟ್ ಒಣಹುಲ್ಲಿನ ಹಾಗೆ, ಹಸಿ ಕಾಳಿನ ಹಾಗೆ ಇತ್ತು. ಪತ್ರಿಕೆ ಹುರಿದ ಕಾಫಿಯ ಘಮಲು ಹೊಡೆಯುತ್ತಿತ್ತು. ನಾನು ಹಣೆ ಚಚ್ಚಿಕೊಂಡೆ. ಹುಟ್ಟಿದಂದಿನಿಂದ ಕಾಫಿಯ ನಡುವೆ ಬೆಳೆದವನು, ಗೋದಾಮಿನಲ್ಲಿ ಹುರಿದ ವಾಸನೆ ಬರುವುದಿಲ್ಲ ಎಂಬುದು ನನ್ನ ತಲೆಗೇ ಹೋಗಿರಲಿಲ್ಲ. ರಂಗನಾಥನ ಮೀಸೆಯ ಮೇಲಿನ ಸಿಟ್ಟಿನಲ್ಲಿ ಮೂಗನ್ನೇ ಮರೆತಿದ್ದೆ.

ಅಕ್ಕ ಮುಂದುವರಿಸಿದಳು. ಅಚ್ಚಿನ ಕಟ್ಟನ್ನು ಕೊಯ್ಲಿನ ಕಾಲದಲ್ಲಿ ಯಾವ ರೈಟರನೂ ಗೋದಾಮಿನಲ್ಲಿ ಇಟ್ಟುಕೊಳ್ಳುವುದಿಲ್ಲ, ವಾಸನೆ ಹತ್ತಿದ ಕಾಫಿಯನ್ನು ಯಾರೂ ಕೊಳ್ಳುವುದಿಲ್ಲ. ಇದು ತೋಟದವರಿಗೆಲ್ಲ ಗೊತ್ತು, ಶಾಲೆಯಲ್ಲೇ ಆಯುಸ್ಸು ಕಳೆದ ಮೇಷ್ಟ್ರಿಗೆ ಗೊತ್ತಿಲ್ಲ. ಅದಕ್ಕೇ ಕಟ್ಟು ಈಗಲೂ ಗೋದಾಮಿನಲ್ಲಿದೆ ಎಂದು ಹೇಳಿಬಿಟ್ಟರು. ರಂಗನಾಥ ಹೇಳಿದ್ದೇ ನಿಜ, ಕಟ್ಟು ಈ ಮನೆಗೆ ಬಂದಿದೆ. ಇಲ್ಲಿ ಹಿಂದಿನ ಕೋಣೆಯಲ್ಲಿ ದಿನವೂ ಕಾಫಿ ಹುರಿಯುತ್ತಾರೆ, ಬೆಚ್ಚಗಿರುತ್ತದೆಂದು ಕಾಗದವನ್ನು ಅಲ್ಲಿಯ ಅಟ್ಟದ ಮೇಲೆ ಇಡುತ್ತಾರೆ ಎಂದು ನಿನ್ನೆ ಸಿದ್ದಮ್ಮನೇ ಹೇಳಿದರು. ಓದುಮನೆಗಳ ಪ್ರತಿಗಳೂ ಗಂಟು ಬಿಚ್ಚುವ ಹಿಂದಿನ ರಾತ್ರಿ ಈ ಮನೆಯಲ್ಲೇ ಇದ್ದವು.

ಮೇಷ್ಟ್ರು ಎದ್ದು ನಿಂತರು. ತಮ್ಮ ವಯಸ್ಸಿಗೆ ಇಂಥ ಮಾತು ಕೇಳಬೇಕಾಯಿತಲ್ಲ, ಈ ಹುಡುಗನ ಪತ್ರಿಕೆ ಸತ್ತರೆ ತನಗೇನು ಲಾಭ ಎಂದು ಗಡುಸಾಗಿ ಕೇಳಿದರು.

“ಎರಡು ವರ್ಷದ ಹಿಂದಿನ ಸಂಚಿಕೇನೇ ತರಿಸಿ ಅಂದವ್ರು ನೀವು,” ಎಂದಳು ಅಕ್ಕ. “ಷಡಕ್ಷರಿ ಯಾರು ಯಾರು ತನ್ನನ್ನ ಉಲ್ಲೇಖಿಸಿದ್ದಾರೆ ಅಂತ ಅಳೆಯೋಕೆ ಹೊರಟ. ಅಳೆಯುತ್ತಾ ಹೋದ್ರೆ ಆ ಸಂಚಿಕೆ, ನಿಮ್ಮ ಪುಸ್ತಿಕೆ ಒಂದರ ಪಕ್ಕ ಒಂದು ಬರ್ತಿತ್ತು. ಯಾರೂ ಅದನ್ನ ಓದಿಲ್ಲ ಅಂತಾದ್ರೆ, ನೀವೂ ಓದಿಲ್ಲ, ಆ ಕ್ರಮ ನಿಮ್ಮದೇ ಅಂತಾಗುತ್ತೆ.”

ಷಡಕ್ಷರಿ ಮೊದಲ ಬಾರಿಗೆ ತಲೆಯೆತ್ತಿ, ಹಾಗೆ ಹೇಳಬೇಡಿ, ಆ ಕ್ರಮ ಮೇಷ್ಟ್ರಿಗೆ ತಾನಾಗಿಯೇ ಹೊಳೆದಿದ್ದು ಎಂದ. ಅವನ ದನಿ ಕೇಳಿ ನನಗೆ ಅಳು ಬಂತು, ಕೋಪವೂ ಬಂತು.

ಪುರಾವೆ ಎಲ್ಲಿ ಎಂದು ಚಂದ್ರಶೇಖರಪ್ಪನವರು ಕೇಳಿದರು. ಸೀಳಿದ ಪ್ರತಿಗಳನ್ನು ಇಷ್ಟು ಹೊತ್ತಿಗೆ ನೀರೊಲೆಗೆ ಹಾಕಿರುತ್ತಾರಲ್ಲ ಎಂದರು.

ಹಾಕಿಲ್ಲ ಎಂದಳು ಅಕ್ಕ. ಪತ್ರಿಕೆ ಕಾಲಿಗೆ ತಾಗಿದ್ದಕ್ಕೆ ಕಣ್ಣಿಗೊತ್ತಿಕೊಂಡವರು ಅಚ್ಚಾದ ಅಕ್ಷರವನ್ನು ಬೆಂಕಿಗೆ ಹಾಕಲಾರರು. ಜೀವಮಾನವಿಡೀ ಮಕ್ಕಳಿಗೆ ಸರಸ್ವತಿ ಎಂದು ಕಲಿಸಿದ ಕೈ ಅದನ್ನು ಮಾಡುವುದಿಲ್ಲ. ಹೊಸದನ್ನು ತೆಗೆದ ಕಟ್ಟಿನಲ್ಲೇ ಹಳೆಯದನ್ನು ಸೇರಿಸಿ ಕಟ್ಟಿರುತ್ತಾರೆ. ಆಮೇಲೆ ಒಳಗೆ ತಿರುಗಿ, ಅಟ್ಟದ ಮೇಲಿನ ಪತ್ರಿಕೆ ಕಟ್ಟು ಸ್ವಲ್ಪ ತರುತ್ತೀರಾ ಎಂದು ಸಿದ್ದಮ್ಮನನ್ನು ಕೂಗಿ ಕೇಳಿದಳು. ಆ ತಾಯಿಗೆ ಏನೂ ತಿಳಿಯದು. ಸೆರಗಿನಿಂದ ಧೂಳು ಒರೆಸಿ ಕಟ್ಟನ್ನು ತಂದು ನಡುವೆ ಇಟ್ಟರು.

ಹೊದಿಕೆಯಿಲ್ಲದ ಮೂರು ಪ್ರತಿಗಳು ಕಟ್ಟಿನೊಳಗೆ ಇದ್ದವು. ಪುಟಗಳು ಓದಿ ಓದಿ ಬಟ್ಟೆಯ ಹಾಗೆ ಮೆತ್ತಗಾಗಿದ್ದವು. ಒಂದರ ಅಂಚು ಕತ್ತರಿಯಿಂದ ಹಲ್ಲುಹಲ್ಲಾಗಿ ಹರಿದಿತ್ತು. ಇದು ನನ್ನದು ಎಂದ ಗಿಡ್ಡಪ್ಪ, ಕಳೆದ ದನ ಸಿಕ್ಕಿದವನ ಹಾಗೆ.

ಚಂದ್ರಶೇಖರಪ್ಪನವರು ನಿರ್ಣಯದ ಕಾಗದವನ್ನು ಹರಿದು ಹಾಕಿ, ಮೇಷ್ಟ್ರ ಮೇಲೆ ಕೂಗಾಡತೊಡಗಿದರು. ನಾನೂ ಸೇರಿಕೊಳ್ಳಲು ಎದ್ದೆ, ಅಕ್ಕ ಪಂಚೆ ಹಿಡಿದು ಕೂರಿಸಿದಳು. ಷಡಕ್ಷರಿ ಎದ್ದು ಬಂದು ಮೇಷ್ಟ್ರ ಎದುರು ನಿಂತ.

“ನೀವು ಓದಿದ್ರಾ ಮೇಷ್ಟ್ರೇ?”

ಮೇಷ್ಟ್ರು ಯಾರನ್ನೂ ನೋಡದೆ ಆ ಲೇಖನದ ಮೊದಲ ಸಾಲುಗಳನ್ನು ಹೇಳತೊಡಗಿದರು. ಓದುವವನಿಗೆ ಬಿಡುವಿಲ್ಲದ ತಿಂಗಳಲ್ಲಿ ದೊಡ್ಡ ಪುಸ್ತಕ ಮುಂದಿಡುವುದು ಹಸಿದವನಿಗೆ ಅಕ್ಕಿ ಮೂಟೆ ತೋರಿಸಿದ ಹಾಗೆ, ಎಂದು ಶುರುವಾಗಿ ಒಂದು ಪುಟದಷ್ಟು, ಒಂದಕ್ಷರ ತಪ್ಪದೆ.

“ಎಲ್ಲಾ ಸಂಚಿಕೇನೂ ಓದಿದೀನಿ ಕಣೋ,” ಎಂದರು. “ಇದನ್ನ ಓದಿದಾಗ ಹೊಟ್ಟೆ ಉರೀತು. ನಾನು ಕಲಿಸಿದ ಹುಡುಗನಿಗೆ ಹೊಳೆದದ್ದು ನನಗೆ ಯಾಕೆ ಹೊಳೀಲಿಲ್ಲ ಅಂತ. ಚೆನ್ನಾಗಿದೆ ಅಂತ ಒಂದು ಮಾತು ಹೇಳೋಕಾಗ್ಲಿಲ್ಲ ನನ್ನ ಕೈಲಿ.”

ಷಡಕ್ಷರಿ ಅಲ್ಲೇ ಕುಸಿದು ಕೂತು ಮಕ್ಕಳ ಹಾಗೆ ಅತ್ತ. ನನ್ನ ಕಣ್ಣಲ್ಲೂ ನೀರಿತ್ತು, ಸುಳ್ಳೇಕೆ ಹೇಳಲಿ. ಅವನ ಅಳು ನಿಂತ ಮೇಲೆ ಚಂದ್ರಶೇಖರಪ್ಪನವರು, ಪತ್ರಿಕೆ ನಡೆಯುತ್ತದೆ, ವರದಿಯಲ್ಲಿ ಈ ವಿಷಯವನ್ನು ಹೇಗೆ ಬರೆಯೋಣ ಹೇಳು ಎಂದು ಕೇಳಿದರು. ಷಡಕ್ಷರಿ ಮುಖ ಒರೆಸಿಕೊಂಡ.

“ಮೇಷ್ಟ್ರ ಪುಸ್ತಿಕೇನೂ ಲೆಕ್ಕಕ್ಕೆ ಹಿಡೀರಿ,” ಎಂದ. “ಹೆಸರಿಲ್ಲದ ಉಲ್ಲೇಖ ಅಂತ ಬರೀರಿ. ಹೆಸರು ಮಾತ್ರ ಅವರೇ ಬೆಂಗಳೂರಿಗೆ ಹೋಗಿ, ಆ ಸಭೇಲೇ ಹೇಳ್ಬೇಕು.”

ಮೇಷ್ಟ್ರು ತಲೆಯಾಡಿಸಿದರು. ಹೆಗಲ ಮೇಲಿನ ಶಲ್ಯ ಜಾರಿದ್ದನ್ನೂ ಸರಿಮಾಡಿಕೊಳ್ಳಲಿಲ್ಲ.

“ಹೋಗ್ತೀನಿ,” ಎಂದರು. “ನೀನೂ ಜೊತೆಗೆ ಬಾರೋ. ಒಬ್ಬನೇ ಆ ಜನದ ಮುಂದೆ ನಿಲ್ಲೋಕೆ ನನಗೆ ಧೈರ್ಯ ಸಾಲದು.”

ಮೇಷ್ಟ್ರ ಮಾತಿಗೆ ಎಂದೂ ಇಲ್ಲ ಎಂದವನಲ್ಲ ಷಡಕ್ಷರಿ. ಕಪ್ಪಾದ ಆ ಮೂರು ಹೊದಿಕೆಗಳನ್ನು ಹೊಸ ಪ್ರತಿಗಳಿಂದ ಬಿಡಿಸಿ, ಸವೆದ ಪ್ರತಿಗಳಿಗೆ ಒಂದೊಂದಾಗಿ ತೊಡಿಸಿದ. ಬಣಕಲ್ ಪ್ರತಿಯನ್ನು ಗಿಡ್ಡಪ್ಪನ ಕೈಗೆ ಕೊಟ್ಟ.

“ಬರಲ್ಲ ಮೇಷ್ಟ್ರೇ, ಇವನ್ನ ಓದೋರಿಗೆ ವಾಪಸ್ ಕೊಡ್ಬೇಕು,” ಎಂದ. ಮಿಕ್ಕ ಎರಡನ್ನು ಎತ್ತಿಕೊಂಡು ಕೊಟ್ಟಿಗೆಹಾರದ ಬಸ್ಸಿಗೆ ನಡೆದ.